ಜ್ವರಕ್ಕೂ ಆಸ್ಪತ್ರೆಗೂ ನಡುವಿನ ದಿನಗಳು

ಸಂಧಿವಾತವೋ ಲೂಪಸ್ಸೋ ಇರುವ ಹೊಸ ರೋಗಿ ಬಂದರೆ, ಕೀಲು ಮುಟ್ಟಿ ನೋಡುವುದಕ್ಕೂ ಮೊದಲು ನಾನು ಕೆಲವು ಪ್ರಶ್ನೆ ಕೇಳುತ್ತೇನೆ. ಖೋಲಿಯಲ್ಲಿ ಎಷ್ಟು ಜನ ಮಲಗುತ್ತೀರಿ? ಅವರಲ್ಲಿ ಯಾರಿಗಾದರೂ ಬಹಳ ದಿನದ ಕೆಮ್ಮು ಇದೆಯೇ? ಒಂದು ದಿನ ಬಾರದಿದ್ದರೆ ಕೂಲಿ ಮಾತ್ರ ಹೋಗುತ್ತದೆಯೋ, ಕೆಲಸವೇ ಹೋಗುತ್ತದೆಯೋ? ಮುಂಬೈಯ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ಕೀಲುರೋಗ ನೋಡುವವಳು ನಾನು. ಕನ್ನಡ ಬಲ್ಲವಳೆಂಬ ಸುದ್ದಿ ಹೇಗೋ ಹಬ್ಬಿ, ಯಾದಗಿರಿ, ಕಲಬುರಗಿ, ವಿಜಯಪುರದ ಕಟ್ಟಡ ಕಾರ್ಮಿಕರೂ ಕುಂದಾಪುರ ಕಡೆಯ ಹೋಟೆಲ್ ಹುಡುಗರೂ ನನ್ನ ಮೇಜನ್ನೇ ಹುಡುಕಿಕೊಂಡು ಬರುತ್ತಾರೆ. ಸ್ವಂತ ಭಾಷೆಯಲ್ಲಿ ಕೇಳಿದರೆ ಉತ್ತರವೂ ಉದ್ದವಾಗಿ ಬರುತ್ತದೆ. ಹಿಂದೆ ನಿಂತ ಸಾಲು ಗೊಣಗಿದರೂ ಕೇಳಿಸಿಕೊಳ್ಳುತ್ತೇನೆ.

ಈ ಕಾಯಿಲೆಗಳಲ್ಲಿ ದೇಹದ ರೋಗನಿರೋಧಕ ಶಕ್ತಿ ತನ್ನವರ ಮೇಲೆಯೇ ತಿರುಗಿ ಬೀಳುತ್ತದೆ. ಅದನ್ನು ಹತ್ತಿಕ್ಕುವ ಔಷಧ ಕೊಟ್ಟರೆ ಕೀಲು, ಮೂತ್ರಪಿಂಡ ಉಳಿಯುತ್ತವೆ. ಸೋಂಕಿನ ಭಯ ಹೆಚ್ಚುತ್ತದೆ. ನಮ್ಮ ದೇಶದಲ್ಲಿ ಲೂಪಸ್ ರೋಗಿಗಳ ಸಾವಿಗೆ ಸೋಂಕು ಮುಖ್ಯ ಕಾರಣಗಳಲ್ಲಿ ಒಂದು. ಆದರೆ ಅದೇ ಔಷಧವನ್ನು ಅದೇ ಪ್ರಮಾಣದಲ್ಲಿ ತೆಗೆದುಕೊಂಡ ಇಬ್ಬರಲ್ಲಿ ಒಬ್ಬರು ಮನೆಯಲ್ಲೇ ಗುಣವಾಗುತ್ತಾರೆ, ಇನ್ನೊಬ್ಬರು ಐಸಿಯು ಸೇರುತ್ತಾರೆ. ಜ್ವರ ಬಂದ ದಿನಕ್ಕೂ ವೈದ್ಯರ ಮುಂದೆ ಕುಳಿತ ದಿನಕ್ಕೂ ಎಷ್ಟು ಅಂತರವಿತ್ತು ಎಂದು ಕೇಳಿದರೆ ಬಹುಪಾಲು ಉತ್ತರ ಅಲ್ಲೇ ಸಿಗುತ್ತದೆ. ಆ ಅಂತರವನ್ನು ತೀರ್ಮಾನಿಸುವುದು ಬಟವಾಡೆಯ ದಿನ, ಕೂಲಿಯಾಳುಗಳನ್ನು ನಡೆಸುವ ಮುಕಾದಮನ ಮರ್ಜಿ, ಊರಿಗೆ ಕಳುಹಿಸಬೇಕಾದ ದುಡ್ಡು.

ಇನ್ನೊಂದು ಅನ್ಯಾಯವೂ ಇದೆ. ಸೋಂಕಿಗೆ ಹೆಚ್ಚು ಎಡೆಮಾಡಿಕೊಡುವ ಸ್ಟೆರಾಯ್ಡೇ ಎಲ್ಲಕ್ಕಿಂತ ಅಗ್ಗದ ಔಷಧ. ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ನಿಯಮವಿದ್ದರೂ ಸಿಗುತ್ತದೆ. ನುಂಗಿದ ಮರುದಿನವೇ ಕೈ ಆಡುತ್ತದೆ. ಕಟ್ಟಡದ ಕೂಲಿಗೆ ನಾಕಾದಲ್ಲಿ, ಅಂದರೆ ಆಳುಗಳು ಕೆಲಸಕ್ಕಾಗಿ ಕಾಯುವ ರಸ್ತೆಯ ಮೂಲೆಯಲ್ಲಿ, ನಿಲ್ಲುವ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಸೆರಗಿನ ಗಂಟಿನಿಂದ ಕಾಗದದ ಪೊಟ್ಟಣ ತೆಗೆದು ನನ್ನ ಮೇಜಿನ ಮೇಲೆ ಬಿಚ್ಚಿದಳು. ಪಟ್ಟಿಯಿಂದ ಬಿಡಿಸಿದ, ಹೆಸರೇ ಇಲ್ಲದ ಬಿಳಿ ಮಾತ್ರೆಗಳು. ‘ಇದನ್ನು ನುಂಗಿದರೆ ಬುಟ್ಟಿ ಹೊರುತ್ತೇನೆ ಮೇಡಂ, ಬಿಟ್ಟರೆ ಬೆರಳು ಮಡಚುವುದಿಲ್ಲ’ ಎಂದಳು. ಸೊಸೆ ಮುಂಬೈಗೆ ಬಂದ ಮೇಲೆ ಮೈ ತುಂಬಿಕೊಂಡಿದ್ದಾಳೆ ಎಂದು ಜೊತೆಗಿದ್ದ ಅತ್ತೆಗೆ ಸಮಾಧಾನ. ಆ ದುಂಡು ಮುಖ ಸ್ಟೆರಾಯ್ಡಿನದು. ರಟ್ಟೆ ಹಿಡಿದು ನೋಡಿದರೆ ಮಾಂಸವೇ ಇರಲಿಲ್ಲ. ಪಕ್ಕೆಯ ಮೇಲೆ ಸರ್ಪಸುತ್ತು ಎದ್ದಿತ್ತು, ಅದರ ಮೇಲೆ ಕೆಮ್ಮಣ್ಣು ಬಳಿದಿದ್ದರು.

ಪೊಟ್ಟಣ ಕಸಿದುಕೊಂಡು ಬೈಯುವುದು ಸುಲಭ. ಆದರೆ ತಿಂಗಳುಗಟ್ಟಲೆ ಸ್ಟೆರಾಯ್ಡ್ ತಿಂದವರಲ್ಲಿ ದೇಹದ ಸ್ವಂತ ಸ್ಟೆರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ಮಂಕಾಗಿರುತ್ತದೆ. ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ. ಹಾಗಾಗಿ ‘ತಂಗಿ, ಇದನ್ನು ಬಿಡಿಸುತ್ತೇನೆ, ಆದರೆ ಇವತ್ತೇ ಅಲ್ಲ’ ಎಂದು ಹೇಳಿ, ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡನ್ನೇ ಲೆಕ್ಕವಿಟ್ಟು ಬರೆದೆ. ಸರ್ಪಸುತ್ತು ಪೂರ್ತಿ ಮಾಗಿ, ಎದೆಯ ಎಕ್ಸ್‌ರೇ, ರಕ್ತಪರೀಕ್ಷೆ ನೋಡಿ, ಗರ್ಭಿಣಿಯಲ್ಲ ಎಂದು ಖಾತ್ರಿಯಾದ ಮೇಲೆ ಸಂಧಿವಾತವನ್ನು ಹತ್ತಿಕ್ಕುವ ಮೆಥೊಟ್ರೆಕ್ಸೇಟ್ ಶುರುಮಾಡಿದೆ. ಅದು ಹಿಡಿತಕ್ಕೆ ಬರಲು ವಾರಗಳೇ ಬೇಕು. ಬಂದಂತೆಲ್ಲ ಸ್ಟೆರಾಯ್ಡ್ ಇಳಿಸುವುದು. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನದ ಔಷಧ. ದಿನವೂ ನುಂಗಿದರೆ ಅಸ್ಥಿಮಜ್ಜೆ ಸೋತು ಬಿಳಿ ರಕ್ತಕಣ ಕುಸಿಯುತ್ತದೆ. ಅದಕ್ಕೆ ದಿನದ ಹೆಸರನ್ನು ಕನ್ನಡದಲ್ಲೇ ಬರೆಯುತ್ತೇನೆ. ಯಾವ ದಿನ ಎಂಬುದನ್ನು ರೋಗಿಯೇ ಆರಿಸಬೇಕು: ಬಟವಾಡೆಯಾದ ರಾತ್ರಿ ನುಂಗಿದರೆ ಮರುದಿನದ ಓಕರಿಕೆ ರಜೆಯಲ್ಲೇ ಕಳೆಯುತ್ತದೆ, ಕೂಲಿ ತಪ್ಪುವುದಿಲ್ಲ. ಕೂಲಿ ತಪ್ಪದ ಮಾತ್ರೆಯನ್ನು ಜನ ಬಿಡುವುದಿಲ್ಲ.

ಮುಂಬೈಯಲ್ಲಿ ಈ ಔಷಧಗಳನ್ನು ಬರೆಯುವವರು ಕ್ಷಯವನ್ನು ಮರೆಯುವಂತಿಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಜನ ಭಾರತದಲ್ಲಿದ್ದಾರೆ. ಗೋವಂಡಿ, ಮಾನ್‌ಖುರ್ದ್ ಕಡೆಯ ಪುನರ್ವಸತಿ ಕಟ್ಟಡಗಳು ಒಂದಕ್ಕೊಂದು ಎಷ್ಟು ಅಂಟಿಕೊಂಡಿವೆ ಎಂದರೆ ಕೆಳಗಿನ ಮಹಡಿಗಳಿಗೆ ಹಗಲಿನಲ್ಲೂ ದೀಪ ಬೇಕು. ಗಾಳಿ ಬೆಳಕು ಕಡಿಮೆಯಿರುವ ಆ ಮನೆಗಳಲ್ಲಿ ಕ್ಷಯ ಹೆಚ್ಚೆಂದು ಅಧ್ಯಯನಗಳೂ ಹೇಳಿವೆ. ಸಂಧಿವಾತಕ್ಕೆ ಕೊಡುವ ಇನ್‌ಫ್ಲಿಕ್ಸಿಮ್ಯಾಬ್, ಅಡಲಿಮ್ಯಾಬ್‌ನಂತಹ ಚುಚ್ಚುಮದ್ದು ಮಲಗಿದ್ದ ಕ್ಷಯವನ್ನು ಎಬ್ಬಿಸಬಲ್ಲವು. ಅವನ್ನು ಕೊಡುವ ಮೊದಲು ರೋಗಿಗೆ ಪರೀಕ್ಷೆ ಮಾಡುವುದು ಎಲ್ಲರೂ ಪಾಲಿಸುವ ಕ್ರಮ. ನಾನು ಅದೇ ಖೋಲಿಯಲ್ಲಿ ಮಲಗುವವರನ್ನೂ ಕರೆಸುತ್ತೇನೆ. ರೋಗಿ ಆರು ತಿಂಗಳು ಮುನ್ನೆಚ್ಚರಿಕೆಯ ಮಾತ್ರೆ ನುಂಗುತ್ತಿರುವಾಗ ಪಕ್ಕದ ಚಾಪೆಯಲ್ಲಿ ಮೈದುನ ಕೆಮ್ಮುತ್ತಿದ್ದರೆ ಏನು ಬಂತು?

ಕ್ಷಯ ಬಂದೇಬಿಟ್ಟರೆ ಇನ್ನೊಂದು ತೊಡಕು. ಚಿಕಿತ್ಸೆಯ ಮುಖ್ಯ ಮಾತ್ರೆ ರಿಫಾಂಪಿಸಿನ್, ಯಕೃತ್ತನ್ನು ಚುರುಕುಗೊಳಿಸಿ ಪ್ರೆಡ್ನಿಸೊಲೋನನ್ನು ಬೇಗ ಕರಗಿಸಿಬಿಡುತ್ತದೆ. ಕೀಲು ಮತ್ತೆ ಬಾಯುತ್ತವೆ. ‘ಟಿಬಿ ಮಾತ್ರೆ ನನಗೆ ಆಗಿಬರಲಿಲ್ಲ’ ಎಂದು ರೋಗಿ ಅದನ್ನೇ ಬಿಡುತ್ತಾನೆ. ಹಾಗಾಗಿ ಮೊದಲ ದಿನವೇ ಹೇಳಿಬಿಡುತ್ತೇನೆ: ನೋವು ಹೆಚ್ಚಬಹುದು, ಹೆಚ್ಚಿದರೆ ಸ್ಟೆರಾಯ್ಡಿನ ಪ್ರಮಾಣ ನಾನು ಸರಿಮಾಡುತ್ತೇನೆ, ಟಿಬಿ ಮಾತ್ರೆ ಮಾತ್ರ ಬಿಡಬೇಡಿ. ಮುಂಚೆಯೇ ಕೇಳಿಸಿಕೊಂಡ ನೋವಿಗೆ ಜನ ಅಷ್ಟು ಹೆದರುವುದಿಲ್ಲ.

ತೂಕವನ್ನು ಪ್ರತಿ ಸಲವೂ ನೋಡುತ್ತೇನೆ. ಜಾರ್ಖಂಡ್‌ನಲ್ಲಿ ಕ್ಷಯರೋಗಿಗಳ ಮನೆಯವರಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆ, ಪೋಷಕಾಂಶದ ಮಾತ್ರೆ ಕೊಟ್ಟು ನೋಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು: ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇ 39ರಷ್ಟು ಕಡಿಮೆಯಾಗಿತ್ತು. ಬೇಳೆ ಮಾಡಿದ ಕೆಲಸ ಅದು. ಕ್ಷಯರೋಗಿಗಳಿಗೆ ಸರ್ಕಾರ ನಿಕ್ಷಯ್ ಪೋಷಣ್ ಯೋಜನೆಯಡಿ 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರ್‌ನಿಂದ 1,000 ರೂಪಾಯಿ ಕೊಡುತ್ತಿದೆ. ನನ್ನವರಲ್ಲಿ ಹಲವರ ಖಾತೆ ಊರಿನ ಬ್ಯಾಂಕಿನಲ್ಲಿರುತ್ತದೆ, ಪಾಸ್‌ಬುಕ್ ಅಪ್ಪನ ಪೆಟ್ಟಿಗೆಯಲ್ಲಿ. ಕರ್ನಾಟಕದ ಪಡಿತರ ಚೀಟಿಯಲ್ಲೇ ಮುಂಬೈಯ ಅಂಗಡಿಯಲ್ಲಿ ಧಾನ್ಯ ಪಡೆಯಬಹುದೆಂಬುದೂ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಇವೆರಡನ್ನೂ ನಮ್ಮ ಸಮಾಜ ಕಾರ್ಯಕರ್ತೆ ನೋಡಿಕೊಳ್ಳುತ್ತಾರೆ. ಅವರು ಬರೆಯುವ ಅರ್ಜಿಗೆ ನನ್ನ ಔಷಧ ಚೀಟಿಯಷ್ಟೇ ತೂಕವಿದೆ ಎಂದು ಕಿರಿಯ ವೈದ್ಯರಿಗೆ ಹೇಳಿದರೆ ನಗುತ್ತಾರೆ.

ಮಳೆಗಾಲದ ಲೆಕ್ಕ ಬೇರೆ. ನಿಂತ ನೀರಿನಲ್ಲಿ ಬರಿಗಾಲಲ್ಲಿ ನಡೆದರೆ ಇಲಿಜ್ವರ ಅಂಟುತ್ತದೆ. 2005ರ ಜುಲೈ 26ರ ಮಹಾಮಳೆಯ ನಂತರ ಈ ಊರು ಅದನ್ನು ಚೆನ್ನಾಗಿಯೇ ಕಂಡಿತು. ನೀರು ದಾಟಿದವರು ಎಪ್ಪತ್ತೆರಡು ಗಂಟೆಯೊಳಗೆ ಅದನ್ನು ತಡೆಯುವ ಡಾಕ್ಸಿಸೈಕ್ಲಿನ್ ಮಾತ್ರೆ ಕೇಳಿಕೊಂಡು ಬನ್ನಿ ಎಂದು ಮೇ ತಿಂಗಳಲ್ಲೇ ಹೇಳಿಡುತ್ತೇನೆ. ದಿನವಿಡೀ ಒದ್ದೆ ನೆಲದ ಮೇಲೆ ನಿಲ್ಲುವ ಹೋಟೆಲ್ ಹುಡುಗರ ಬೂಟು ಬಿಚ್ಚಿಸಿ ಬೆರಳಸಂದಿ ನೋಡುತ್ತೇನೆ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ನನ್ನ ರೋಗಿಗಳಿಗೆ ಬೇಕೇ ಬೇಕು. ನ್ಯುಮೋನಿಯಾ ಲಸಿಕೆ ಮಕ್ಕಳಿಗೆ ಉಚಿತ, ದೊಡ್ಡವರು ಸಾವಿರಾರು ರೂಪಾಯಿ ತೆರಬೇಕು. ದಾನಿಗಳು ಸಿಕ್ಕ ವರ್ಷ ಕೊಡಿಸುತ್ತೇನೆ, ಸಿಗದ ವರ್ಷ ಇಲ್ಲ.

ಜ್ವರಕ್ಕೂ ಆಸ್ಪತ್ರೆಗೂ ನಡುವಿನ ಅಂತರ ಕಡಿಮೆ ಮಾಡಲು ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಒಂದು ಜ್ವರದ ಚೀಟಿ. ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ; ಮೊಬೈಲ್ ಕವರಿನೊಳಗೆ ಹಿಡಿಸುವಷ್ಟು ಅಗಲ. ಅದರಲ್ಲಿ ಬರೆದದ್ದು ಇಷ್ಟು: ಜ್ವರ ಬಂದರೆ ಅದೇ ದಿನ ಬನ್ನಿ, ಆ ವಾರದ ಮೆಥೊಟ್ರೆಕ್ಸೇಟ್ ನುಂಗಬೇಡಿ, ಪ್ರೆಡ್ನಿಸೊಲೋನ್ ಮಾತ್ರ ನಿಲ್ಲಿಸಬೇಡಿ. ಸ್ಟೆರಾಯ್ಡ್ ತಿನ್ನುವವರಲ್ಲಿ ಸೋಂಕಿದ್ದರೂ ಜ್ವರ ಏರದೆ ಇರಬಹುದು, ಆದ್ದರಿಂದ ‘ಉಸಿರು ಕಟ್ಟಿದರೆ, ತಲೆ ತಿರುಗಿ ಬಿದ್ದರೆ ಕೂಡ’ ಎಂದು ಸೇರಿಸಿದ್ದೇನೆ. ಮರಾಠಿಯ ಬದಿ ಬೇರೆ ಆಸ್ಪತ್ರೆಯ ರಾತ್ರಿಪಾಳಿಯ ವೈದ್ಯರಿಗೆ. ಚೀಟಿ ತೋರಿಸಿದವರನ್ನು ಸಾಲಿನಲ್ಲಿ ನಿಲ್ಲಿಸದೆ ಒಳಗೆ ಬಿಡಲು ನಮ್ಮ ಸಿಸ್ಟರ್‌ಗಳು ಒಪ್ಪಿದ್ದಾರೆ.

ಬಾರದವರ ಕೇಸ್ ಪೇಪರಿನಲ್ಲಿ ‘ಹೇಳಿದ್ದನ್ನು ಪಾಲಿಸುವುದಿಲ್ಲ’ ಎಂದು ಗೀಚುವ ಪದ್ಧತಿ ನನಗೆ ಸೇರುವುದಿಲ್ಲ. ‘ಮುಕಾದಮ ಬಿಡಲಿಲ್ಲ’, ‘ಕೂಸನ್ನು ನೋಡಿಕೊಳ್ಳುವವರಿಲ್ಲ’ ಎಂದು ಕಾರಣವನ್ನೇ ಬರೆಯುತ್ತೇನೆ. ಮುಂದಿನ ಸಲ ಯಾರು ನೋಡಿದರೂ ತಾರೀಖನ್ನು ಅದಕ್ಕೆ ಹೊಂದಿಸಿ ಕೊಡಬಹುದು.

ಜಾತ್ರೆಗೋ ಮದುವೆಗೋ ಊರಿಗೆ ಹೋಗುವವರಿಗೆ ಹೋಗಿಬರುವ ದಿನಗಳಿಗಿಂತ ಹೆಚ್ಚಿಗೆ ಮಾತ್ರೆ ಕೊಟ್ಟು, ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಕನ್ನಡದಲ್ಲಿ ಒಂದು ಕಾಗದ ಬರೆದುಕೊಡುತ್ತೇನೆ. ಆಯುಷ್ಮಾನ್ ಕಾರ್ಡಿದ್ದರೆ ದಾಖಲಾದ ಮೇಲಿನ ಖರ್ಚಿಗೆ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಆಸರೆಯುಂಟು. ದಾಖಲಾಗದಂತೆ ಕಾಯುವ ತಿಂಗಳ ಮಾತ್ರೆಗೆ ಅದರಲ್ಲಿ ಬಿಡಿಗಾಸಿಲ್ಲ. ನಮ್ಮ ಔಷಧ ಕಿಟಕಿಯಲ್ಲಿ ಮುಗಿದದ್ದನ್ನು ಹೊರಗೆ ಕೊಳ್ಳಬೇಕಾದಾಗ ಯಾವುದನ್ನು ಮೊದಲು ಕೊಳ್ಳಬೇಕು, ಯಾವುದು ಒಂದು ವಾರ ತಡೆಯುತ್ತದೆ ಎಂದು ಚೀಟಿಯ ಮೇಲೆ ಅಂಕಿ ಹಾಕಿ ಕೊಡುತ್ತೇನೆ. ಪ್ರೆಡ್ನಿಸೊಲೋನ್ ಯಾವಾಗಲೂ ಒಂದನೆಯದು.