ಬ್ರಿಟನ್‌ನಲ್ಲಿ ಜೇಬಿಗೊಂದು ಮಡಚುವ ಚಾಕು

ಮಲೆನಾಡಿನ ತೋಟದ ಮನೆಯಲ್ಲಿ ಬೆಳೆದವರಿಗೆ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಹೊರಡುವುದು ಚಪ್ಪಲಿ ಮೆಟ್ಟಿದಷ್ಟೇ ಸಹಜ. ಬ್ರಿಟನ್‌ಗೆ ಬಂದ ಮೇಲೆ ಆ ಅಭ್ಯಾಸ ಬಿಡಲೇಬೇಕು. ಇಲ್ಲಿ ಚಾಕು ಅಡುಗೆಮನೆಯಲ್ಲಿರುವುದು ಬೇರೆ, ಹೊಸ್ತಿಲು ದಾಟುವುದು ಬೇರೆ.

ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವುದು 1988ರ ಕ್ರಿಮಿನಲ್ ಜಸ್ಟೀಸ್ ಕಾಯ್ದೆಯ 139ನೇ ಸೆಕ್ಷನ್. ಸ್ಕಾಟ್ಲೆಂಡಿನ ಕಾಯ್ದೆ ಬೇರೆಯಾದರೂ ನಿಯಮ ಹೆಚ್ಚುಕಡಿಮೆ ಇದೇ. ಮಡಚುವ ಚಾಕುವಿನ ಹರಿತವಾದ ಅಂಚು 3 ಇಂಚು, ಅಂದರೆ 7.62 ಸೆಂ.ಮೀ. ಮೀರದಿದ್ದರೆ ಕಾರಣ ಹೇಳದೆ ಜೇಬಿನಲ್ಲಿಟ್ಟುಕೊಳ್ಳಬಹುದು. ಆದರೆ ಬಿಚ್ಚಿದ ಅಲಗು ಲಾಕ್ ಆಗಬಾರದು. ನಮ್ಮವರು ಎಡವುವುದು ಇಲ್ಲೇ. ಲಾಕ್ ಇದ್ದರೆ ಬೆರಳಿಗೆ ಕ್ಷೇಮ ಎಂದು ಯೋಚಿಸಿ ಕೊಳ್ಳುತ್ತಾರೆ. ಕಾನೂನು ಮಾತ್ರ ಅಂಥ ಚಾಕುವನ್ನು ಮಡಚುವ ಚಾಕು ಎಂದು ಒಪ್ಪುವುದೇ ಇಲ್ಲ. 1990ರ ದಶಕದ ಆರಂಭದಲ್ಲೇ ಹೈಕೋರ್ಟ್ ಹಾಗೆ ತೀರ್ಪು ಕೊಟ್ಟಿದೆ.

ಅಂಗಡಿಯಲ್ಲಿ ಕೈಗೆ ತೆಗೆದುಕೊಂಡು ನೋಡಿ. ಅಲಗನ್ನು ಪೂರ್ತಿ ಬಿಚ್ಚಿ, ಅದರ ಬೆನ್ನನ್ನು ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿ. ಸ್ಪ್ರಿಂಗ್ ಸ್ವಲ್ಪ ತಡೆದು, ಆಮೇಲೆ ತಾನಾಗಿ ಮಡಚಿಕೊಂಡರೆ ಸರಿ. ಗುಂಡಿ ಒತ್ತಬೇಕು, ಪಟ್ಟಿ ಸರಿಸಬೇಕು, ಉಂಗುರ ತಿರುಗಿಸಬೇಕು ಎಂದರೆ ಅದು ಲಾಕ್. ಒಪಿನೆಲ್ ಕಂಪನಿಯ 8ನೇ ನಂಬರ್ ಚಾಕು ಎಷ್ಟು ಚೆಂದ ಕಂಡರೂ ದಿನಬಳಕೆಗೆ ಬೇಡ: ಉಂಗುರದ ಲಾಕ್ ಇದೆ, ಅಲಗೂ 8.5 ಸೆಂ.ಮೀ. ವಿಕ್ಟೋರಿನಾಕ್ಸ್‌ನ 91 ಮಿ.ಮೀ. ಸ್ಪಾರ್ಟನ್ (ಇದು ಮಡಚಿದ ಚಾಕುವಿನ ಉದ್ದ, ಅಲಗಿನದಲ್ಲ) ಸಾಕು, ಹಣ್ಣು, ದಾರ, ಪಾರ್ಸೆಲ್ ಎಲ್ಲಕ್ಕೂ ಆಗುತ್ತದೆ. ಅದೇ ಕಂಪನಿಯ 111 ಮಿ.ಮೀ. ಮಾದರಿಗಳಲ್ಲಿ ಅಲಗು ಲಾಕ್ ಆಗುತ್ತದೆ, ನೋಡಿ ಕೊಳ್ಳಿ.

ಕಾಡಿಗೆ, ಬೆಟ್ಟಕ್ಕೆ ಹೊರಟರೆ ಲೆಕ್ಕ ಬೇರೆ. ಕಟ್ಟಿಗೆ ಕೆತ್ತುವಾಗ ಲಾಕ್ ಇಲ್ಲದ ಅಲಗು ಬೆರಳ ಮೇಲೆ ಮಡಚಿಕೊಳ್ಳಬಹುದು. ಅದಕ್ಕೆ ಲಾಕ್ ಇರುವುದೋ ಮಡಚದ ಗಟ್ಟಿ ಚಾಕುವೋ ಬೇಕು. ಅಂಥದ್ದನ್ನು ಒಯ್ಯಲು ‘ತಕ್ಕ ಕಾರಣ’ ಇರಬೇಕು, ಅದನ್ನು ತೋರಿಸುವ ಹೊಣೆ ನಿಮ್ಮದೇ. ಶನಿವಾರ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಟೆಂಟ್ ಹಾಕಲು ಹೋಗುವುದು ಕಾರಣ. ಸೋಮವಾರ ಆಫೀಸಿನ ರೈಲಿನಲ್ಲಿ ಅದೇ ಬ್ಯಾಗಿನಲ್ಲಿ ಚಾಕು ಉಳಿದಿದ್ದರೆ ಕಾರಣ ಮುಗಿದಿರುತ್ತದೆ. ಮರೆತೆ ಎಂದಷ್ಟೇ ಹೇಳಿದರೆ ನಿಲ್ಲದು. ಕಾರಿನ ಡ್ಯಾಶ್‌ಬೋರ್ಡ್ ಡಬ್ಬಿಗೂ ಇದೇ ನಿಯಮ. ಸುತ್ತಿ, ಬ್ಯಾಗಿನ ತಳದಲ್ಲಿಟ್ಟು ಒಯ್ಯಿರಿ; ಮನೆ ಸೇರಿದ ಕೂಡಲೇ ತೆಗೆದಿಡಿ. ಆತ್ಮರಕ್ಷಣೆಗೆಂದು ಪೊಲೀಸರ ಮುಂದೆ ಹೇಳಿದಿರೋ, ಸಣ್ಣ ಚಾಕುವೂ ಆಯುಧವಾಗಿಬಿಡುತ್ತದೆ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಶಿಕ್ಷೆ 4 ವರ್ಷದವರೆಗೆ ಜೈಲು, ಮೇಲೆ ವೀಸಾದ ಚಿಂತೆ ಬೇರೆ.

ಗುಂಡಿ ಒತ್ತಿದರೆ ಚಿಮ್ಮುವ ಚಾಕುವನ್ನು ಎಲ್ಲಿಂದಲೂ ತರಿಸಬೇಡಿ. 2021ರ ಜುಲೈನಿಂದ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಅದನ್ನು ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ.

ಕೊಡಗಿನವರಿಗೆ ಒಂದು ಮಾತು. ರಾಷ್ಟ್ರೀಯ ಉಡುಪಿನ ಭಾಗವಾಗಿ ಚಾಕು ಧರಿಸಿದ್ದೆ ಎಂದು ವಾದಿಸಲು 139ನೇ ಸೆಕ್ಷನ್ನಿನಲ್ಲೇ ಅವಕಾಶವಿದೆ. ಆದರೂ ಮದುವೆಗೆ ಹೋಗುವಾಗ ಪೀಚೆಕತ್ತಿಯನ್ನು (ಸೊಂಟದ ಕಿರುಗತ್ತಿ) ಕುಪ್ಯದ ಮೇಲೆ ಕಟ್ಟಿಕೊಂಡು ಲಂಡನ್ನಿನ ಟ್ಯೂಬ್ ರೈಲು ಹತ್ತಬೇಡಿ. ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿಟ್ಟು ಒಯ್ದು, ಹಾಲ್ ಸೇರಿದ ಮೇಲೆ ಸೊಂಟದ ಚೇಲೆಗೆ ಸಿಕ್ಕಿಸಿಕೊಳ್ಳಿ.