ಆಕ್ಟಿನ್ ಬ್ಯಾಂಡ್ ಯಾಕೆ ಕರಗಲಿಲ್ಲ?

ನಾನು ಪಿಎಚ್‌ಡಿ ಮಾಡುವಾಗ ಕೆಲಸ ಮಾಡಿದ್ದು ಕಾಕ್ಸಾಕಿ ಬಿ3 ವೈರಸ್ ಮೇಲೆ. ಹೃದಯದ ಸ್ನಾಯುವಿಗೆ ಉರಿಯೂತ ತರುವ ವೈರಸ್ ಇದು. ಜೀವಕೋಶದ ಒಳಗೆ ಹೊಕ್ಕ ಕೆಲವೇ ಗಂಟೆಗಳಲ್ಲಿ ಕೋಶದ ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸಿ, ಪ್ರೋಟೀನ್ ಕಟ್ಟುವ ಯಂತ್ರಗಳಾದ ರೈಬೋಸೋಮ್‌ಗಳನ್ನೆಲ್ಲ ತನ್ನ ಕೆಲಸಕ್ಕೆ ಹಚ್ಚಿಕೊಳ್ಳುತ್ತದೆ. ಅದನ್ನು ಕಣ್ಣಾರೆ ನೋಡಬೇಕು ಅಂತ ಹೊರಟೆ.

ಹೀಲಾ ಕೋಶಗಳಿಗೆ (ಲ್ಯಾಬ್‌ನಲ್ಲಿ ಬೆಳೆಸುವ ಮನುಷ್ಯರ ಕೋಶಗಳು) ಸೋಂಕು ಹಾಕಿ 0, 2, 4, 6 ಗಂಟೆಗೆ ವೆಸ್ಟರ್ನ್ ಬ್ಲಾಟ್ ಮಾಡಿದೆ, ಅಂದರೆ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ ಬೇಕಾದ ಒಂದನ್ನು ಬ್ಯಾಂಡ್ (ಗೆರೆ) ಆಗಿ ನೋಡುವ ವಿಧಾನ. ಆರು ಗಂಟೆಗೆ ಕೋಶಗಳು ದುಂಡಗಾಗಿ ತಟ್ಟೆ ಬಿಟ್ಟು ಏಳುತ್ತಿದ್ದವು. ಆದರೆ ಕೋಶದ ಸ್ವಂತ ಪ್ರೋಟೀನ್ ಆದ ಆಕ್ಟಿನ್‌ನ ಬ್ಯಾಂಡ್ ನಾಲ್ಕೂ ಲೇನ್‌ನಲ್ಲಿ (ಒಂದೊಂದು ಹೊತ್ತಿಗೆ ಒಂದು ಸಾಲು) ಒಂದೇ ಸಮ! ಆರ್‌ಎನ್‌ಎ ಅಳೆಯುವ ಕ್ಯೂಪಿಸಿಆರ್ ಮಾಡಿದರೆ ಆಕ್ಟಿನ್ ಎಂಆರ್‌ಎನ್‌ಎ (ಪ್ರೋಟೀನ್ ಮಾಡಲು ರೈಬೋಸೋಮ್ ಓದುವ ಸಂದೇಶ) ಕೂಡ ಹೆಚ್ಚು ಕಡಿಮೆ ಹಾಗೇ ಇದೆ. ಎರಡು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ಹೊಳೆಯಿತು: ಆಕ್ಟಿನ್ ಬೇಗ ಸವೆಯುವ ಪ್ರೋಟೀನ್ ಅಲ್ಲ, ಬ್ಲಾಟ್‌ನಲ್ಲಿ ಕಾಣುತ್ತಿದ್ದದ್ದು ಹಳೇ ದಾಸ್ತಾನು. ನೋಡಬೇಕಿದ್ದದ್ದು ಆ ಹೊತ್ತಿಗೆ ಹೊಸದಾಗಿ ತಯಾರಾಗುತ್ತಿರುವುದನ್ನು ಮಾತ್ರ.

ಹಾಗಾಗಿ ಮೆಥಿಯೊನೀನ್ ಅನ್ನುವ ಅಮೈನೋ ಆಮ್ಲ ಇಲ್ಲದ ಮೀಡಿಯಾದಲ್ಲಿ (ಕೋಶ ಬೆಳೆಸುವ ದ್ರವ) ಕೋಶಗಳನ್ನು ಅರ್ಧ ಗಂಟೆ ಉಪವಾಸ ಇಟ್ಟು, ವಿಕಿರಣ ಸೂಸುವ ಸಲ್ಫರ್-35 ಇರುವ ಮೆಥಿಯೊನೀನ್ ಹಾಕಿ, ಮತ್ತೆ ಅರ್ಧ ಗಂಟೆ ಬಿಟ್ಟು ಜೆಲ್ ಓಡಿಸಿದೆ. ಎಂಒಐ 10 ಇಟ್ಟಿದ್ದೆ, ಅಂದರೆ ಕೋಶಕ್ಕೆ ಸರಾಸರಿ ಸೋಂಕು ತರಬಲ್ಲ 10 ವೈರಸ್ ಕಣ. ಇದು ಕಡಿಮೆಯಾದರೆ ಸೋಂಕು ತಗುಲದ ಕೋಶಗಳು ಆರಾಮಾಗಿ ಪ್ರೋಟೀನ್ ಮಾಡುತ್ತಾ ನಿಮ್ಮ ಫಲಿತಾಂಶವನ್ನೇ ಮುಚ್ಚಿಬಿಡುತ್ತವೆ. ಹೊಸ ಪ್ರೋಟೀನ್‌ಗಳ ವಿಕಿರಣ ಬಿದ್ದ ಫಿಲ್ಮ್ ತೊಳೆದಾಗ ಮೊದಲ ಲೇನ್ ಮೇಲಿಂದ ಕೆಳಗಿನವರೆಗೆ ಒತ್ತೊತ್ತಾದ ಗೆರೆಗಳಿಂದ ಕಪ್ಪಾಗಿತ್ತು. ನಾಲ್ಕನೇ ಗಂಟೆಗೆ ಅವು ಮಸುಕು. ಆರನೇ ಗಂಟೆಗೆ ಕೆಲವೇ ಬ್ಯಾಂಡ್, ಆದರೆ ಕಾಡಿಗೆಯಷ್ಟು ಕಪ್ಪು, ಎಲ್ಲಾ ವೈರಸ್‌ದೇ.

ಇದರ ಹಿಂದಿರುವುದು 2ಎ ಪ್ರೋಟಿಯೇಸ್ ಅನ್ನುವ ವೈರಸ್‌ನ ಕತ್ತರಿ. ಇಐಎಫ್4ಜಿ ಅನ್ನುವ ಪ್ರೋಟೀನ್ ಮುಂಭಾಗದಿಂದ ಎಂಆರ್‌ಎನ್‌ಎಯ ಕ್ಯಾಪ್ (ತುದಿಯ ಟೊಪ್ಪಿ) ಕಡೆಯನ್ನೂ ಹಿಂಭಾಗದಿಂದ ರೈಬೋಸೋಮ್ ಕಡೆಯನ್ನೂ ಹಿಡಿದು ಎರಡನ್ನೂ ಜೋಡಿಸುತ್ತದೆ. ಕತ್ತರಿ ಬೀಳುವುದು ಈ ಎರಡರ ನಡುವೆ. ಕೋಶದ ಎಂಆರ್‌ಎನ್‌ಎ ಇದ್ದಲ್ಲೇ ಇರುತ್ತದೆ, ಓದುವವರಿಲ್ಲ. ವೈರಸ್ ಆರ್‌ಎನ್‌ಎಗೆ ಕ್ಯಾಪೇ ಇಲ್ಲ. ತನ್ನ ಐಆರ್‌ಇಎಸ್ ಅನ್ನುವ ಮಡಚಿದ ಭಾಗದಿಂದ ಆ ತುಂಡಾದ ಹಿಂಭಾಗವನ್ನೇ ಹಿಡಿದುಕೊಂಡು ಕೆಲಸ ಶುರು ಮಾಡುತ್ತದೆ. ಎಷ್ಟು ಅಚ್ಚುಕಟ್ಟು ಅಲ್ವಾ? ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಈ ತುಂಡನ್ನು ಬ್ಲಾಟ್‌ನಲ್ಲಿ ನೋಡಬೇಕೆಂದರೆ 10% ಜೆಲ್ ಬೇಡ. ಪೂರ್ತಿ ಇಐಎಫ್4ಜಿ ಸುಮಾರು 220 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ ಓಡುತ್ತದೆ, ಮೇಲೇ ಸಿಕ್ಕಿಕೊಳ್ಳುತ್ತದೆ. ಸಡಿಲವಾದ 6% ಜೆಲ್ ಹಾಕಿ, ಕೋಲ್ಡ್ ರೂಮಿನಲ್ಲಿ ರಾತ್ರಿಯಿಡೀ ನಿಧಾನಕ್ಕೆ ಟ್ರಾನ್ಸ್‌ಫರ್ (ಜೆಲ್‌ನಿಂದ ಪೊರೆಗೆ ವರ್ಗಾವಣೆ) ಮಾಡಿ.