ಸ್ಕೇಟ್‌ಬೋರ್ಡ್ ಕೊಡಿಸಿದಿರಾ? ಮೊದಲು ಬೀಳೋದು ಕಲಿಸಿ

ಬೇಸಿಗೆ ರಜೆಯಲ್ಲಿ ದಾವಣಗೆರೆಯ ಬಡಾವಣೆಗಳಲ್ಲಿ ಸ್ಕೇಟ್‌ಬೋರ್ಡ್ ಹಿಡಿದ ಮಕ್ಕಳು ಕಾಣುತ್ತಾರೆ. ಶಾಲೆ ಶುರುವಾಗುವಷ್ಟರಲ್ಲಿ ಬೋರ್ಡ್ ಅಟ್ಟ ಸೇರಿರುತ್ತದೆ. ಅಪ್ಪ ಕೈ ಹಿಡಿದು ಓಡಿಸುತ್ತಾರೆ, ಬಿಟ್ಟ ಕೂಡಲೇ ಹುಡುಗ ದೊಪ್ಪನೆ ಬೀಳುತ್ತಾನೆ, ಅಮ್ಮ "ಸಾಕು, ಒಳಗೆ ಬಾ" ಅನ್ನುತ್ತಾರೆ. ಅಲ್ಲಿಗೆ ಮುಗೀತು.

ಬೋರ್ಡ್: ಆಟಿಕೆ ಅಂಗಡಿಯ ಗಟ್ಟಿ ಪ್ಲಾಸ್ಟಿಕ್ ಚಕ್ರದ್ದು ಬೇಡವೇ ಬೇಡ. ಸಣ್ಣ ಕಲ್ಲು ಸಿಕ್ಕರೂ ಗಕ್ಕನೆ ನಿಲ್ಲುತ್ತದೆ, ಮಗು ಮುಂದಕ್ಕೆ ಹಾರುತ್ತದೆ. ಏಳು ಪದರದ ಮೇಪಲ್ ಮರದ ಹಲಗೆ, ಯೂರಿಥೇನ್ (ರಬ್ಬರಿನಂಥ ಪ್ಲಾಸ್ಟಿಕ್) ಚಕ್ರ ಇರಲಿ. ಚಕ್ರದ ಗಡಸುತನವನ್ನು 'ಎ' ಅಂಕಿಯಲ್ಲಿ ಹೇಳುತ್ತಾರೆ, ಅಂಕಿ ಹೆಚ್ಚಿದಷ್ಟೂ ಗಟ್ಟಿ. ನಮ್ಮ ತರಿತರಿ ಕಾಂಕ್ರೀಟಿಗೆ 78ಎ ಆಸುಪಾಸಿನ ಮೆತ್ತನೆ ಚಕ್ರ ಸರಿ. 99ಎ ನುಣುಪು ನೆಲಕ್ಕೆ. ಸೆಕೆಂಡ್ ಹ್ಯಾಂಡ್ ಬೋರ್ಡ್ ಆದೀತು, ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಬೇಡ.

ಜಾಗ: ಬೆಳಗಿನ ಹೊತ್ತು ಖಾಲಿ ಶಾಲೆ ಅಂಗಳ. ಕುಂದವಾಡ ಕೆರೆ ದಂಡೆ ವಾಕಿಂಗ್‌ನವರಿಗೆ ಬಿಡಿ.

ಈಗ ಬೀಳೋದು. ಬೋರ್ಡ್ ಪಕ್ಕಕ್ಕಿಡಿ. ಹುಲ್ಲಿನ ಮೇಲೋ ಹಳೇ ಹಾಸಿಗೆ ಮೇಲೋ ಮಗು ಕುಕ್ಕರಗಾಲಲ್ಲಿ ಕೂರಲಿ. ತಗ್ಗಿದಷ್ಟೂ ಬೀಳುವ ದೂರ ಕಡಿಮೆ. ಮೊಣಕೈ ಮಡಚಿ, ಗದ್ದ ಎದೆಗೊತ್ತಿ, ಭುಜದ ಮೇಲೆ ಪಕ್ಕಕ್ಕೆ ಉರುಳಲಿ. ಕೈ ನೆಟ್ಟಗೆ ಚಾಚಿ ನೆಲಕ್ಕೆ ಊರಬಾರದು, ಇಡೀ ಮೈಭಾರ ಮಣಿಕಟ್ಟಿಗೆ ಬೀಳುತ್ತದೆ. ಮುಂದಕ್ಕೆ ಬಿದ್ದರೆ ಮೊದಲು ಮೊಣಕಾಲಿನ ಗಾರ್ಡ್ ತಾಗಲಿ, ಆಮೇಲೆ ಕೈಗಾರ್ಡ್. ಎಡಕ್ಕೂ ಬಲಕ್ಕೂ ಸಾಕೆನಿಸುವಷ್ಟು ಮಾಡಿಸಿ. ಆಮೇಲೆ ಹುಲ್ಲಿನ ಮೇಲೆ ಬೋರ್ಡ್ ಇಟ್ಟು ಹತ್ತಿಸಿ, ನೀವು ಚಪ್ಪಾಳೆ ತಟ್ಟಿದಾಗ ಇಳಿದು ಎರಡು ಹೆಜ್ಜೆ ಓಡಲಿ. ನಿಧಾನಕ್ಕೆ ಹೋಗುವಾಗ ಇಷ್ಟು ಬಂದರೆ ಎಷ್ಟೋ ಸಲ ಬೀಳೋದೇ ತಪ್ಪುತ್ತದೆ.

ನಿಮ್ಮ ಕೆಲಸ ಬಾಯಿ ಮುಚ್ಚಿಕೊಂಡಿರುವುದು. "ಹುಷಾರು, ಹುಷಾರು" ಎಂದು ಕೂಗಿದರೆ ಮಗುವಿನ ಮೊಣಕಾಲು ಸೆಟೆದು ಕಂಬದ ಹಾಗೆ ಉರುಳುತ್ತದೆ. ತಲೆಗೆ ಪೆಟ್ಟು, ಊತ, ಬಿಡದ ನೋವು ಇದ್ದರೆ ಆಟ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಇಲ್ಲವಾದರೆ ಎತ್ತಲು ಓಡಬೇಡಿ. ಎದ್ದ ಮೇಲೆ "ಯಾಕೆ ಬಿದ್ದೆ?" ಅಂತ ಕೇಳಿ. "ಭಾರ ಹಿಂದಕ್ಕೆ ಹೋಯ್ತು" ಅಂತ ಅದೇ ಹೇಳಿದ ದಿನ ಹೆದರಿಕೆ ಅರ್ಧ ಇಳಿದಿರುತ್ತದೆ. ಕಾರಣ ಗೊತ್ತಾದದ್ದನ್ನು ಸರಿಮಾಡಬಹುದು, ಅಲ್ವಾ?

ಸ್ಪರ್ಧೆಯಲ್ಲೂ ಬೀಳೋದಕ್ಕೆ ಲೆಕ್ಕ ಇಟ್ಟಿರುತ್ತಾರೆ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಸ್ಕೇಟ್‌ಬೋರ್ಡಿಂಗ್‌ನಲ್ಲಿ, ಬೀದಿಯ ಮೆಟ್ಟಿಲು, ಕಂಬಿಗಳಂಥವುಗಳ ಮೇಲೆ ಆಡುವ ಸ್ಟ್ರೀಟ್ ವಿಭಾಗದಲ್ಲಿ, ಒಬ್ಬೊಬ್ಬರ ಏಳು ಪ್ರಯತ್ನಗಳ ಅಂಕಗಳ ಪೈಕಿ ಒಳ್ಳೆಯ ನಾಲ್ಕನ್ನು ಮಾತ್ರ ಹಿಡಿದರು. ಉಳಿದ ಮೂರರಲ್ಲಿ ಬಿದ್ದರೂ ಲೆಕ್ಕಕ್ಕಿಲ್ಲ. ಹೆಣ್ಣುಮಕ್ಕಳಲ್ಲಿ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ ಆಗ 13 ವರ್ಷ.

ಓಡಿಸೋದು ಸುಲಭ: ಮುಂದಿನ ಕಾಲು ಬೋರ್ಡ್ ಮೇಲೆ, ಹಿಂದಿನದರಲ್ಲಿ ತಳ್ಳು, ಮಂಡಿ ಬಗ್ಗಿಸು. ಯಾವ ಕಾಲು ಮುಂದೆ ಅನ್ನೋದನ್ನು ಮಗುವೇ ಆರಿಸಲಿ.

ಆಟ ಮುಗಿದ ಮೇಲೆ ಚಕ್ರದ ಧೂಳನ್ನು ಒಣಬಟ್ಟೆಯಲ್ಲಿ ಒರೆಸಿ. ಬೈಕ್ ತೊಳೆಯುವಾಗ ಇದಕ್ಕೂ ಪೈಪ್ ಹಿಡಿದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ.